ಗೋಲಗುಂಬಜ್‌ಗೆ ಕೊನೆಯಲ್ಲಿ ಹೋಗೋಣ

ಅಭ್ಯಾಸ ಬೋಧನೆಯಲ್ಲಿ ವಿಜಯಪುರದ ಪಾಠ ಬಂದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕುಳಿತ ನಾನು ಹೆಚ್ಚುಕಡಿಮೆ ಒಂದೇ ಪಾಠಯೋಜನೆಯನ್ನು ನೋಡುತ್ತೇನೆ. ಪೀಠಿಕೆಗೆ ಗೋಲಗುಂಬಜ್ ಚಿತ್ರ, ವಿವರಣೆಗೆ ಪಿಸುಗುಟ್ಟುವ ಗ್ಯಾಲರಿ, ಮೌಲ್ಯಮಾಪನಕ್ಕೆ ‘ಇದು ಯಾರ ಸಮಾಧಿ?’ ಮಕ್ಕಳು ಮೊಹಮ್ಮದ್ ಆದಿಲ್ ಶಾಹ ಎನ್ನುತ್ತಾರೆ, ನಾವು ಅಂಕ ಹಾಕುತ್ತೇವೆ. ಒಳಗೆ ಒಂದೂ ಕಂಬವಿಲ್ಲದೆ ಅಷ್ಟು ದೊಡ್ಡ ಗುಮ್ಮಟ ನಿಂತದ್ದು ಹೇಗೆಂದು ಯಾರೂ ಕೇಳುವುದಿಲ್ಲ.

ಆದ್ದರಿಂದ ಪ್ರವಾಸದ ಕ್ರಮವನ್ನೇ ತಿರುಗಿಸಬೇಕು ಎನ್ನುತ್ತೇನೆ. ಬಸ್ಸಿಳಿದ ಮಕ್ಕಳನ್ನು ಮೊದಲು ಬಾರಾ ಕಮಾನಿಗೆ ಕರೆದೊಯ್ಯಿರಿ. ‘ಅಲ್ಲೇನಿದೆ ಸರ್, ಹಾಳುಬಿದ್ದದ್ದು’ ಎಂದು ಪ್ರಶಿಕ್ಷಣಾರ್ಥಿಗಳು ಅದನ್ನು ಬಿಟ್ಟೇ ಬಿಡುತ್ತಾರೆ. ಅದು ಹಾಳುಬಿದ್ದದ್ದಲ್ಲ, ಅರ್ಧಕ್ಕೆ ನಿಂತದ್ದು. ಎರಡನೇ ಅಲಿ ಆದಿಲ್ ಶಾಹನ ಸಮಾಧಿಗೆ ಛಾವಣಿ ಬರಲೇ ಇಲ್ಲ. ಕಪ್ಪು ಕಲ್ಲಿನ ಕಮಾನುಗಳು ಬಯಲಿನಲ್ಲಿ ನಿಂತಿವೆ. ಪೂರ್ಣಗೊಂಡ ಕಟ್ಟಡ ಗಾರೆಯೊಳಗೆ ಮುಚ್ಚಿಟ್ಟದ್ದನ್ನು ಇದು ತೆರೆದು ತೋರಿಸುತ್ತದೆ. ಒಂದು ಕಲ್ಲು ಪಕ್ಕದ ಕಲ್ಲಿಗೆ ಒರಗಿ ಭಾರವನ್ನು ಕೆಳಕ್ಕೆ ದಾಟಿಸುವುದನ್ನು ಏಳನೇ ತರಗತಿಯ ಮಗು ಬೆರಳಿನಿಂದಲೇ ಗುರುತಿಸಬಲ್ಲದು.

ಅಲ್ಲಿಂದ ಇಬ್ರಾಹಿಂ ರೋಜಾ. ಕಲ್ಲಿನ ಜಾಲಂಧ್ರಗಳಲ್ಲಿ ಅಕ್ಷರಗಳನ್ನೇ ಕೊರೆದ ಕೆಲಸಕ್ಕೆ ಸಮಯ ಕೊಡಿ. ಅಲ್ಲಿನ ಶಾಸನದಲ್ಲಿ ಕಟ್ಟಡದ ಹೊಣೆ ಹೊತ್ತ ಮಲಿಕ್ ಸಂದಲ್‌ನ ಹೆಸರಿದೆ. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಸುಲ್ತಾನರ ಹೆಸರಷ್ಟೇ ಇರುತ್ತದೆ.

ಗೋಲಗುಂಬಜ್ ಕೊನೆಗಿರಲಿ. ಮೆಟ್ಟಿಲು ಹತ್ತುವ ಮೊದಲು ಹೊರಗಿನ ಬಯಲಿನಲ್ಲಿ ಸೀಮೆಸುಣ್ಣದಿಂದ ಒಂದು ಚೌಕ ಬರೆಸಿ. ಅದೇ ಅಳತೆಯ ಇನ್ನೊಂದು ಚೌಕವನ್ನು ಅದೇ ಕೇಂದ್ರದಲ್ಲಿ 45 ಡಿಗ್ರಿ ತಿರುಗಿಸಿ ಬರೆಸಿ. ನಡುವೆ ಎಂಟು ಮೂಲೆಯ ಜಾಗ ಉಳಿಯುತ್ತದೆ, ಅದರಲ್ಲಿ ಹಗ್ಗದಿಂದ ವೃತ್ತ ಎಳೆಯಬಹುದು. ಒಳಗೆ ತಲೆಯೆತ್ತಿದರೆ ಒಂದನ್ನೊಂದು ಹಾಯ್ದ ಎಂಟು ಕಮಾನುಗಳಲ್ಲಿ ಮಕ್ಕಳಿಗೆ ತಾವು ಬರೆದದ್ದೇ ಕಾಣುತ್ತದೆ. ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟ ಕುಳಿತಿರುವುದು ಅದರ ಮೇಲೆ. ಆಮೇಲೆ ಬೇಕಾದಷ್ಟು ಕೂಗಲಿ. ಕೂಗದೆ ಬಂದರೆ ಅದೇನು ಪ್ರವಾಸ!

ಒಂದೇ ದಿನದಲ್ಲಿ ಇದೆಲ್ಲ ಆಗದು ಎಂಬ ಆಕ್ಷೇಪ ಸರಿಯೇ. ಹಾಗಾದರೆ ವಸ್ತುಸಂಗ್ರಹಾಲಯವನ್ನು ಬಿಡಿ, ಮಲಿಕ್-ಎ-ಮೈದಾನ ತೋಪನ್ನೂ ಬಿಡಿ, ಬಾರಾ ಕಮಾನನ್ನು ಬಿಡಬೇಡಿ. ಪ್ರವಾಸವೇ ಸಾಧ್ಯವಾಗದ ಶಾಲೆಯಲ್ಲೂ ಸೀಮೆಸುಣ್ಣ ಇರುತ್ತದೆ. ಮುಂದಿನ ಅವಧಿಯ ಪಾಠಯೋಜನೆಗಳನ್ನು ತಿದ್ದುವಾಗ ಮೌಲ್ಯಮಾಪನದ ಭಾಗದಲ್ಲಿ ನಾನು ಹುಡುಕುವುದು ಒಂದೇ ಪ್ರಶ್ನೆಯನ್ನು: ಚೌಕದ ಮೇಲೆ ವೃತ್ತ ಹೇಗೆ ಕುಳಿತಿತು, ಬರೆದು ತೋರಿಸು.