ಸಾಲಿನಲ್ಲಿ ಕೂರಿಸಿದರೆ ಸಮಾನರಾದೆವೆ?

ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೇವೆ, ಇನ್ನೇನು ಬೇಕು ನಿಮಗೆ ಅಂತ ಕೇಳುವವರಿದ್ದಾರೆ. ಅಂತರ್ಜಾಲದ ಚರ್ಚೆಗಳ ಬಗ್ಗೆಯೂ ಇದೇ ಮಾತು. ಬಂದ ಮಾತುಗಳು ಬಂದ ಹೊತ್ತಿನ ಕ್ರಮದಲ್ಲಿ ಒಂದರ ಕೆಳಗೊಂದು ನಿಲ್ಲಲಿ, ಮೇಲು ಕೀಳಿಲ್ಲ, ಇದೇ ಪ್ರಜಾಪ್ರಭುತ್ವ ಅಂತಾರೆ. ಇನ್ನೊಂದು ಬಗೆ ಕವಲಿನದು. ಯಾವ ಮಾತಿಗೆ ಉತ್ತರವೋ ಆ ಮಾತಿನ ಕೆಳಗೇ, ಕೊಂಚ ಒಳಸರಿದು, ಉತ್ತರ ಕೂರುತ್ತದೆ. ಅದು ಗೊಂದಲ ಅಂತಾರೆ. ನಾವು ಕೇಳುತ್ತೇವೆ: ಯಾರಿಗೆ ಗೊಂದಲ?

ಎರಡೂ ಹಳೆಯವೇ. 1973ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಗಣಕಕ್ಕೆ ಡೇವಿಡ್ ವೂಲಿ ಬರೆದ 'ನೋಟ್ಸ್' ಸಾಲಿನದು. ಮೊದಲು ಒಂದು ಟಿಪ್ಪಣಿ, ಅದರ ಹಿಂದೆ ಸರದಿಯಲ್ಲಿ ಉತ್ತರಗಳು. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್, ಜಿಮ್ ಎಲಿಸ್ ಯೋಚಿಸಿದ ಯೂಸ್‌ನೆಟ್‌ನಲ್ಲಿ ಮುಂದೆ ಪ್ರತಿ ಬರಹಕ್ಕೂ ಒಂದು ಗುರುತು ಬಂತು. ತಾನು ಯಾವ ಮಾತಿಗೆ ಹುಟ್ಟಿದ್ದು ಎಂಬ ದಾಖಲೆ ಉತ್ತರದ ನೆತ್ತಿಯ ಮೇಲೆ ಬಂತು. ಆ ದಾಖಲೆ ಹಿಡಿದೇ ಕವಲು ಕಟ್ಟಿದರು.

ಈಗ ನಮ್ಮ ಕೈಯ ಫೋನಿಗೆ ಬನ್ನಿ. ವಾಟ್ಸಾಪ್ ಗುಂಪು ಸಾಲಿನದು. 2022ರಲ್ಲಿ ಒಂದು ಗುಂಪಿಗೆ 1024 ಜನ ಸೇರಬಹುದು ಅಂತಾಯ್ತು. ಇಂಥ ಒಂದು ಗುಂಪಿನಲ್ಲಿ ಹಾಸ್ಟೆಲಿನ ಹುಡುಗಿಯೊಬ್ಬಳು ಬೆಳಿಗ್ಗೆ ಕೇಳುತ್ತಾಳೆ ಅಂತಿಟ್ಟುಕೊಳ್ಳಿ: ಚಂದಾ ಎತ್ತಿದ್ರಲ್ಲ, ಲೆಕ್ಕ ಎಲ್ಲಿ? ಹಿಂದೆಯೇ ಶುಭೋದಯದ ಗುಲಾಬಿ. ಹುಟ್ಟುಹಬ್ಬದ ಹಾರೈಕೆ. ಮುಖಂಡರ ಹಾರದ ಫೋಟೋ, ಅದಕ್ಕೆ ನಲವತ್ತು ಜೋಡಿಸಿದ ಕೈ. ಸಂಜೆ ಹೊತ್ತಿಗೆ ಪ್ರಶ್ನೆ ಇನ್ನೂರು ಮಾತುಗಳಾಚೆ. ಯಾರೂ ಅಳಿಸಲಿಲ್ಲ, ಯಾರೂ ಉತ್ತರಿಸಲಿಲ್ಲ. ಹೂತವರ ಕೈಯಲ್ಲಿ ಮಣ್ಣೂ ಇಲ್ಲ! ಹಳೆ ಮಾತನ್ನು ಹಿಡಿದು ಉತ್ತರಿಸೋಕೆ ಅಲ್ಲೂ ದಾರಿ ಇದೆಯಲ್ಲ ಅಂತೀರಿ. ಇದೆ. ಆದರೆ ಅದು ಉತ್ತರ ಕೊಟ್ಟವನ ಮಾತಿಗೆ ಗುರುತು ಹಚ್ಚುತ್ತದೆ. ಉತ್ತರ ಕೊಡದವನ ಮೌನಕ್ಕೆ ಯಾವ ಗುರುತೂ ಇಲ್ಲ.

ಕವಲಿನಲ್ಲಿ ಆ ಮೌನ ಕಾಣುತ್ತದೆ. ಪ್ರಶ್ನೆ ತನ್ನ ಜಾಗದಲ್ಲಿ ನಿಂತಿದೆ, ಕೆಳಗೆ ಖಾಲಿ. ನಾಳೆ ಬಂದವರೂ ಅದನ್ನು ನೋಡುತ್ತಾರೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಫೋನು ತೆಗೆದವಳು ಬೆಳಗಿನ ಪ್ರಶ್ನೆಯ ಕೆಳಗೇ ತನ್ನ ಮಾತು ಇಡಬಹುದು. ಸಾಲಿನಲ್ಲಾದರೆ ಅವಳಿಗೆ ಸಿಗುವ ಉತ್ತರ ಒಂದೇ: ಮುಗಿದ ಮಾತು ಯಾಕಮ್ಮ ಎತ್ತುತೀಯ? ದಿನವಿಡೀ ಬಿಡುವಿರುವವರ ಪಾಲಿಗೆ ಮಾತ್ರ ಸಾಲು ಸಮಾನ.

ಸಾಲಿನ ಪರ ವಾದಿಸುವವರು ದಡ್ಡರೇನಲ್ಲ. ಜೆಫ್ ಆಟ್‌ವುಡ್ 2012ರಲ್ಲಿ ಸಾಲೇ ಸರಿ ಅಂತ ಬರೆದರು. 2013ರಲ್ಲಿ ಜೊತೆಗಾರರೊಂದಿಗೆ ಹೊರತಂದ 'ಡಿಸ್ಕೋರ್ಸ್' ತಂತ್ರಾಂಶವನ್ನು ಸಾಲಿನ ಮೇಲೆಯೇ ಕಟ್ಟಿದರು. ಕವಲಿನಲ್ಲಿ ಹೊಸ ಮಾತು ಹತ್ತು ಕಡೆ ಚಿಗುರುತ್ತೆ, ಎಲ್ಲಿ ಅಂತ ಹುಡುಕೋದು? ಚರ್ಚೆ ದಾರಿ ತಪ್ಪುತ್ತೆ. ಫೋನಿನ ಕಿರಿದಾದ ಪರದೆಯಲ್ಲಿ ಒಳಸರಿದು ಒಳಸರಿದು ಮಾತು ಗೋಡೆಗೆ ಒತ್ತಿಕೊಳ್ಳುತ್ತೆ. ಸುಳ್ಳಲ್ಲ. ಹತ್ತು ಜನ ಸೇರಿ ನಾಳೆಯ ಸಭೆ ಎಲ್ಲಿ ಅಂತ ಗೊತ್ತುಮಾಡೋಕೆ ಸಾಲೇ ಸಾಕು. ಆದರೆ ಲೆಕ್ಕ ಕೇಳುವುದು ಹರಟೆಯಲ್ಲ. ಓದುವವನ ಅನುಕೂಲಕ್ಕಿಂತ ಕೇಳಿದವಳ ಹಕ್ಕು ದೊಡ್ಡದು.

ಹಾಗಂತ ಕವಲಿಗೆ ನಾವು ಕೈಮುಗಿಯುವುದಿಲ್ಲ. 2005ರಲ್ಲಿ ಶುರುವಾದ ರೆಡ್ಡಿಟ್ ಕವಲಿಗೆ ಮತ ಸೇರಿಸಿತು. ಮತ ಗಿಟ್ಟಿಸಿದ ಮಾತು ಜಗಲಿಗೆ ಏರುತ್ತದೆ, ವಿರೋಧದ ಮತ ಹೆಚ್ಚಾದದ್ದು ಮಡಚಿಕೊಂಡು ಮೂಲೆ ಸೇರುತ್ತದೆ. ಮೊದಲು ಬಂದವರೇ ಮೇಲೆ ಉಳಿಯುವ ದೋಷ ತಗ್ಗಿಸಲು 2009ರಲ್ಲಿ ಹೊಸ ಲೆಕ್ಕಾಚಾರ ತಂದರು. ಗಣಿತ ಬದಲಾಯ್ತು, ಜಗಲಿ ಉಳೀತು. ಕೆಲವೇ ಜನರ ನೋವಿಗೆ ಬಹುಮತ ಎಲ್ಲಿಂದ ತರೋದು?

ಆದ್ದರಿಂದ ಗೆಳೆಯರೇ, ನಮಗೆ ಕವಲು ಬೇಕು, ಮತದ ಏಣಿ ಬೇಡ. ಪ್ರತಿ ಪ್ರಶ್ನೆಯ ಕೆಳಗೆ ಉತ್ತರಗಳು ಬಂದ ಹೊತ್ತಿನ ಕ್ರಮದಲ್ಲೇ ನಿಲ್ಲಲಿ. ಉತ್ತರ ಸಿಗದ ಪ್ರಶ್ನೆಗಳು ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳಲಿ. ಅಂಥ ಜಾಗ ಸಿಗುವವರೆಗೆ, ಗುಂಪು ನಡೆಸುವವರೇ, ಕೇಳಿದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಎದುರಿಗೆ ಉತ್ತರಕ್ಕೆ ಜಾಗ ಬಿಡಿ. ವಾರಕ್ಕೊಮ್ಮೆ ಆ ಪುಟದ ಫೋಟೋ ಗುಂಪಿಗೆ ಹಾಕಿ. ಖಾಲಿ ಜಾಗಗಳ ಸಮೇತ.