ಮುದಿ ಮಲ್ಲರನ್ನು ತೂಗುವ ತಕ್ಕಡಿ ಯಾವುದು?

ಬಾಕ್ಸಿಂಗಿಗೂ ಗಡಿಯಾಚೆಯ ಕನ್ನಡ ಶಾಲೆಯ ಮಾಸ್ತರರಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಸಂಬಂಧ ಇದೆ. 2024ರ ನವೆಂಬರ್ 15ರಂದು ಅಮೆರಿಕದ ಟೆಕ್ಸಾಸ್‌ನಲ್ಲಿ 58 ವರ್ಷದ ಮೈಕ್ ಟೈಸನ್ 27 ವರ್ಷದ ಜೇಕ್ ಪಾಲ್ ಎದುರು ಸೋತ. ಮೊಬೈಲಿನಲ್ಲಿ ಅದರ ತುಣುಕು ನೋಡಿದ ನಮ್ಮ ಹುಡುಗರ ತೀರ್ಪು ಒಂದೇ ಸಾಲಿನದು: "ಟೈಸನ್ ಅಂದ್ರ ಏನೂ ಇಲ್ಲ ಬಿಡ್ರಿ ಸರ್, ಯೂಟ್ಯೂಬ್ ಹುಡುಗನ ಕೈಲಿ ಹೊಡತಾ ತಿಂದ." ಹಿರಿಯರ ತೀರ್ಪು ಇನ್ನೊಂದು ಸಾಲಿನದು: "ನಮ್ಮ ಕಾಲದ ಅಲಿ ಆಗಿದ್ದರೆ ಮುಪ್ಪಿನಲ್ಲೂ ಹೀಗೆ ಆಗುತ್ತಿರಲಿಲ್ಲ."

ಎರಡೂ ತಪ್ಪು. ಬರೀ ತಪ್ಪಲ್ಲ, ಎರಡರ ಹಿಂದೆಯೂ ಒಂದು ಕೆಟ್ಟ ಅಭ್ಯಾಸವಿದೆ. ಮನುಷ್ಯನನ್ನು ಅವನ ಕೊನೆಯ ದಿನದ ಕೈಲಾಗದತನದಿಂದ ಅಳೆಯುವ ಅಭ್ಯಾಸ ಅದು. ಜ್ವರದಲ್ಲಿ ಬರೆದ ಒಂದು ಉತ್ತರಪತ್ರಿಕೆ ನೋಡಿ ಹತ್ತು ವರ್ಷದ ಓದಿಗೆ ಅಂಕ ಹಾಕುವ ಮಾಸ್ತರನನ್ನು ಯಾರಾದರೂ ಒಪ್ಪುತ್ತೀರಾ? ಹಾಗಿದ್ದರೆ ಬಾಕ್ಸಿಂಗಿನಲ್ಲಿ ಮಾತ್ರ ಯಾಕೆ ಒಪ್ಪುತ್ತೀರಿ?

ಮೊದಲು ಹಿರಿಯರ ಮಾತಿಗೆ ಬರೋಣ. ಅಲಿಗೆ ಹಾಗೆ ಆಗಲಿಲ್ಲವೇ? ಆಯಿತು. 1980ರ ಅಕ್ಟೋಬರ್ 2ರಂದು ಲಾಸ್ ವೇಗಾಸ್‌ನಲ್ಲಿ 38 ವರ್ಷದ ಅಲಿ ಲ್ಯಾರಿ ಹೋಮ್ಸ್ ಎದುರು ನಿಂತ. ಹೋಮ್ಸ್ ಒಂದು ಕಾಲದಲ್ಲಿ ಅಲಿಯ ಅಭ್ಯಾಸದ ಜೊತೆಗಾರ. ಹತ್ತು ಸುತ್ತುಗಳಲ್ಲಿ ಒಂದನ್ನೂ ತೀರ್ಪುಗಾರರು ಅಲಿಗೆ ಕೊಡಲಿಲ್ಲ. ಹತ್ತರ ನಂತರ ತರಬೇತುದಾರ ಏಂಜೆಲೊ ಡಂಡಿಯೇ ಪಂದ್ಯ ನಿಲ್ಲಿಸಿದ. ಅಲಿ ಅಷ್ಟಕ್ಕೂ ಬಿಡಲಿಲ್ಲ. 1981ರ ಡಿಸೆಂಬರ್ 11ರಂದು ಅಮೆರಿಕದ ನೆಲ ಬಿಟ್ಟು ಬಹಾಮಾಸ್‌ನ ನಸ್ಸಾವಿನಲ್ಲಿ ಟ್ರೆವರ್ ಬರ್ಬಿಕ್ ಜೊತೆ ಆಡಿ ಮತ್ತೆ ಸೋತ. ಆ ಪಂದ್ಯದ ವ್ಯವಸ್ಥೆ ಎಷ್ಟು ಚೆಂದವಿತ್ತೆಂದರೆ, ಸುತ್ತಿನ ಗಂಟೆಯ ಬದಲು ದನದ ಕೊರಳ ಗಂಟೆ ಬಾರಿಸಿದರು! ಜಗತ್ತೇ ಎದ್ದು ನಿಂತು ನೋಡಿದ ಮಲ್ಲನ ಕೊನೆಯ ಪಂದ್ಯ ಅದು. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ಲಕ್ಷಣಗಳಿವೆ ಎಂದು ವೈದ್ಯರು ಹೇಳಿದರು.

ಹಾಗಾದರೆ ಅಲಿ ಏನೂ ಅಲ್ಲವೇ? 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿದ ಅಲಿ ಎಲ್ಲಿ ಹೋದ? ಎಲ್ಲೂ ಹೋಗಿಲ್ಲ. ನಸ್ಸಾವಿನ ಸೋಲು ಕಿನ್ಶಾಸಾದ ಗೆಲುವನ್ನು ಅಳಿಸುವುದಿಲ್ಲ. ಈ ನ್ಯಾಯ ಅಲಿಗೆ ಸಲ್ಲುವುದಾದರೆ, 20ನೆಯ ವಯಸ್ಸಿನಲ್ಲಿ, 1986ರಲ್ಲಿ, ಚಾಂಪಿಯನ್ ಆದ ಟೈಸನ್‌ಗೂ ಸಲ್ಲಬೇಕು. ನಮಗೆ ಬೇಕಾದವನಿಗೆ ಒಂದು ತಕ್ಕಡಿ, ಬೇಡಾದವನಿಗೆ ಇನ್ನೊಂದು ತಕ್ಕಡಿ ಆಗಬಾರದು.

ಇನ್ನು ಗೆದ್ದವರ ಲೆಕ್ಕ. ಹೆವಿವೇಟ್ ಚರಿತ್ರೆಯನ್ನು ಬಿಡಿಸಿ ನೋಡಿದರೆ ಅದೊಂದು ಸರಪಣಿ. 1910ರ ಜುಲೈ 4ರಂದು ರೀನೋದಲ್ಲಿ ಜ್ಯಾಕ್ ಜಾನ್ಸನ್ ಸೋಲಿಸಿದ್ದು ಐದಾರು ವರ್ಷ ಕಣ ಬಿಟ್ಟು, ಬೆಳೆದಿದ್ದ ಮೈ ಕರಗಿಸಿಕೊಂಡು ಬಂದ 35 ವರ್ಷದ ಜಿಮ್ ಜೆಫ್ರೀಸ್‌ನನ್ನು. 1951ರಲ್ಲಿ ರಾಕಿ ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಕೆಡವಿದ್ದು 37 ವರ್ಷದ ಜೋ ಲೂಯಿಸ್‌ನನ್ನು. 1980ರಲ್ಲಿ ಹೋಮ್ಸ್ ಸೋಲಿಸಿದ್ದು 38ರ ಅಲಿಯನ್ನು. 1988ರ ಜನವರಿಯಲ್ಲಿ ಟೈಸನ್ ನಾಲ್ಕನೆಯ ಸುತ್ತಿನಲ್ಲಿ ಕೆಡವಿದ್ದು ಅದೇ ಹೋಮ್ಸ್‌ನನ್ನು, ಆಗ ಅವನಿಗೂ 38. 2002ರಲ್ಲಿ ಲೆನಾಕ್ಸ್ ಲೂಯಿಸ್ ಕೆಡವಿದ್ದು ತನ್ನ ಒಳ್ಳೆಯ ದಿನಗಳನ್ನು ಕಳೆದುಕೊಂಡಿದ್ದ ಟೈಸನ್‌ನನ್ನು. ಪ್ರತಿಯೊಬ್ಬನ ಹೆಸರಿನ ಮುಂದೆಯೂ ಹಿಂದಿನ ದೊಡ್ಡವನ ಹೆಸರು ಗೆಲುವಾಗಿ ಕೂತಿದೆ. ಆ ಗೆಲುವಿಗೆ ಪೂರ್ತಿ ಅಂಕ ಕೊಡುವವರು ತಕ್ಕಡಿಯಲ್ಲಿ ಸೋತವನ ಹೆಸರು ಇಡುತ್ತಾರೆ, ಅವನ ಮೈ ಇಡುವುದಿಲ್ಲ. ಮಾರ್ಸಿಯಾನೊ 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ನಿವೃತ್ತನಾದವನು. ಅವನ ದೊಡ್ಡಸ್ತಿಕೆಗೆ ಮುದಿ ಲೂಯಿಸ್‌ನ ಸೋಲಿನ ಸಾಕ್ಷಿ ಬೇಕಾಗಿಯೇ ಇಲ್ಲ.

"ಹಾಗಾದರೆ ವಯಸ್ಸು ನೋಡಿ ಲೆಕ್ಕ ಹಾಕೋಣ, 38 ದಾಟಿದವನ ಸೋಲು ಬಿಟ್ಟುಬಿಡೋಣ" ಎನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ಜನ್ಮದಿನಾಂಕ ಅರ್ಧ ಸತ್ಯ ಮಾತ್ರ. ಫೋರ್‌ಮನ್‌ನನ್ನು ನೋಡಿ. 1977ರಲ್ಲಿ ಕಣ ಬಿಟ್ಟ, ಧರ್ಮಬೋಧಕನಾದ, ಹತ್ತು ವರ್ಷ ಯಾರ ಏಟನ್ನೂ ತಿನ್ನಲಿಲ್ಲ. 1987ರಲ್ಲಿ ಬಂದಾಗ ಜನ ನಕ್ಕರು. ಅವನು ಅವಸರ ಮಾಡಲಿಲ್ಲ. ಸಣ್ಣಪುಟ್ಟ ಎದುರಾಳಿಗಳ ಜೊತೆ ವರ್ಷಗಟ್ಟಲೆ ಆಡಿ ಮೈ ಹದ ಮಾಡಿಕೊಂಡ. 1991ರಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು 42ನೆಯ ವಯಸ್ಸಿನಲ್ಲಿ ಪೂರ್ತಿ 12 ಸುತ್ತು ನಿಂತು ಅಂಕದಲ್ಲಿ ಸೋತ. 1994ರ ನವೆಂಬರ್ 5ರಂದು, 45ನೆಯ ವಯಸ್ಸಿನಲ್ಲಿ, ಅಂಕಗಳಲ್ಲಿ ಹಿಂದೆ ಬಿದ್ದಿದ್ದರೂ ಹತ್ತನೆಯ ಸುತ್ತಿನಲ್ಲಿ 26 ವರ್ಷದ ಮೈಕೆಲ್ ಮೂರರ್‌ನನ್ನು ಒಂದು ಬಲಗೈ ಏಟಿಗೆ ಮಲಗಿಸಿದ. ಅಂದು ಅವನು ತೊಟ್ಟದ್ದು 1974ರಲ್ಲಿ ಅಲಿಗೆ ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿ!

38ರ ಅಲಿಗೆ ಆಗದ್ದು 45ರ ಫೋರ್‌ಮನ್‌ಗೆ ಹೇಗೆ ಆಯಿತು? ಫೋರ್‌ಮನ್ ದೊಡ್ಡವನು, ಅಲಿ ಸಣ್ಣವನು ಎಂದಲ್ಲ. ಅಲಿಯ ಆಟ ಕಾಲಿನದು, ಕಣ್ಣಿನದು. ಏಟು ಬರುವ ಮೊದಲೇ ತಲೆ ಹಿಂದಕ್ಕೆಳೆಯುವ ಆಟ. ವಯಸ್ಸು ಮೊದಲು ಕದಿಯುವುದು ಅದನ್ನೇ. ಫೋರ್‌ಮನ್‌ನ ಆಟ ತೋಳಿನ ಭಾರದ್ದು. ಏಟಿನ ಭಾರ ಕೊನೆಗೆ ಹೋಗುತ್ತದೆ. ಮೇಲಾಗಿ 1971ರಿಂದ 1978ರ ತನಕ ಅಲಿ ಫ್ರೇಜರ್, ನಾರ್ಟನ್, ಶೇವರ್ಸ್‌ರಂಥವರಿಂದ ತಿಂದ ಏಟುಗಳ ಲೆಕ್ಕವಿದೆ. ಫೋರ್‌ಮನ್‌ಗೆ ನಡುವೆ ಹತ್ತು ವರ್ಷದ ಬಿಡುವಿತ್ತು. ಎತ್ತಿನ ವಯಸ್ಸು ಕೇಳಿದರೆ ಸಾಲದು, ಅದು ಎಷ್ಟು ಎಕರೆ ಉತ್ತಿದೆ ಎಂದೂ ಕೇಳಬೇಕು.

ಹೋಮ್ಸ್‌ನ ಕಥೆ ಇನ್ನೂ ಪಾಠದಂತಿದೆ. ಟೈಸನ್ ಎದುರು ಕಣಕ್ಕಿಳಿದಾಗ ಹೋಮ್ಸ್ ಸುಮಾರು ಎರಡು ವರ್ಷದಿಂದ ಒಂದು ಪಂದ್ಯವನ್ನೂ ಆಡಿರಲಿಲ್ಲ. ಮುಗಿದುಹೋದ ಎಂದರು. ಅದೇ ಮನುಷ್ಯ ಮತ್ತೆ ಮೈ ಪಳಗಿಸಿಕೊಂಡು 1992ರಲ್ಲಿ, 42ನೆಯ ವಯಸ್ಸಿನಲ್ಲಿ, ಅದುವರೆಗೆ ಸೋಲನ್ನೇ ಕಾಣದ ರೇ ಮರ್ಸರ್‌ನನ್ನು ಸೋಲಿಸಿದ. 38ರಲ್ಲಿ ಮುದುಕ, 42ರಲ್ಲಿ ಗಟ್ಟಿಗ! ಹುಟ್ಟಿದ ವರ್ಷ ನೋಡಿ ತೀರ್ಪು ಕೊಡುವವರು ಇದಕ್ಕೆ ಏನು ಹೇಳುತ್ತಾರೆ?

ಕಂಪ್ಯೂಟರ್ ಕೇಳಿದರೆ ಗೊತ್ತಾಗುತ್ತದೆ ಎನ್ನುವವರಿಗೂ ಒಂದು ಮಾತು. ಅದನ್ನೂ ಮಾಡಿ ನೋಡಿದ್ದಾರೆ. 1969ರಲ್ಲಿ ನಿವೃತ್ತ ಮಾರ್ಸಿಯಾನೊ ಮತ್ತು ಆಗ ಕಣದಿಂದ ಹೊರಗಿಟ್ಟಿದ್ದ ಅಲಿ ಇಬ್ಬರನ್ನೂ ಕ್ಯಾಮೆರಾ ಮುಂದೆ ಆಡಿಸಿ, ಕಂಪ್ಯೂಟರ್ ತೀರ್ಪು ಎಂದು 1970ರಲ್ಲಿ ಚಿತ್ರಮಂದಿರಗಳಲ್ಲಿ ತೋರಿಸಿದರು. ಅಮೆರಿಕದಲ್ಲಿ ತೋರಿಸಿದ್ದರಲ್ಲಿ 13ನೆಯ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದ. ಅಲಿ ಗೆಲ್ಲುವ ಕೊನೆಯೂ ಚಿತ್ರೀಕರಣವಾಗಿತ್ತು, ಅದನ್ನು ಬೇರೆ ಕಡೆ ತೋರಿಸಿದರು. ಊರಿಗೊಂದು ಉತ್ತರ ಕೊಡುವ ಯಂತ್ರ! ಕಾಲಗಳನ್ನು ದಾಟಿ ಹೋಲಿಸುವ ಚಪಲಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಸಿಕ್ಕಿಲ್ಲ.

ಹಾಗಾದರೆ ಹೋಲಿಸಲೇಬಾರದೇ? ಹೋಲಿಸಿ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಯಾರು ಹೆಚ್ಚು ಗಟ್ಟಿಯಾಗಿದ್ದ ಎಂದಲ್ಲ, ಅವನನ್ನು ಮತ್ತೆ ಕಣಕ್ಕೆ ಎಳೆದು ತಂದದ್ದು ಯಾವುದು ಎಂದು ಕೇಳಿ. ಜೆಫ್ರೀಸ್‌ನನ್ನು ತಂದದ್ದು ಬಿಳಿಯರ ಜಾತಿ ಅಹಂಕಾರ. ಕಪ್ಪು ಮನುಷ್ಯನೊಬ್ಬ ಚಾಂಪಿಯನ್ ಆಗಿರುವುದನ್ನು ಸಹಿಸಲಾರದೆ ಅವನನ್ನು ಕೃಷಿಭೂಮಿಯಿಂದ ಎಬ್ಬಿಸಿ ತಂದರು. ಜಾನ್ಸನ್ ಗೆದ್ದಾಗ ಊರೂರಲ್ಲಿ ಗಲಭೆ ಎದ್ದು ಕಪ್ಪು ಜನ ಸತ್ತರು. ಜೋ ಲೂಯಿಸ್‌ನನ್ನು ತಂದದ್ದು ತೆರಿಗೆ ಸಾಲ. 1937ರಿಂದ 1949ರ ತನಕ ಪಟ್ಟದಲ್ಲಿದ್ದು 25 ಸಲ ಅದನ್ನು ಉಳಿಸಿಕೊಂಡವನು, 1942ರಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗೆ ಕೊಟ್ಟವನು. ಯುದ್ಧ ಮುಗಿದ ಮೇಲೆ ಅದೇ ದೇಶದ ತೆರಿಗೆಯವರು ಅವನ ಬೆನ್ನು ಹತ್ತಿದರು. 1951ರ ಆ ರಾತ್ರಿ ಮಾರ್ಸಿಯಾನೊ ಎದುರು ನಿಂತದ್ದು ಲೂಯಿಸ್ ಒಬ್ಬನೇ ಅಲ್ಲ, ಅವನ ಬಾಕಿ ಪಟ್ಟಿಯೂ ನಿಂತಿತ್ತು. ಅಲಿಯನ್ನು ತಂದದ್ದು ದೊಡ್ಡ ಮೊತ್ತ ಮತ್ತು ಪರವಾನಗಿ ಕೊಟ್ಟವರ ಸಡಿಲು ಕೈ. ಟೈಸನ್‌ನನ್ನು 58ರಲ್ಲಿ ತಂದದ್ದು ನೋಡುಗರ ಸಂಖ್ಯೆಯ ಹಸಿವು.

ಕಾರಣ ಪ್ರತಿ ಸಲ ಬೇರೆ, ನಡೆದದ್ದು ಪ್ರತಿ ಸಲ ಒಂದೇ. ದುಡಿದವನು ಮುಪ್ಪಿನಲ್ಲಿ ಏಟು ತಿಂದ, ಆಡಿಸಿದವರು ಗಲ್ಲಾ ತುಂಬಿಸಿಕೊಂಡರು, ನೋಡಿದವರು "ಇವನೇನು ಮಹಾ" ಎಂದರು. ಬಿದ್ದವನಿಗೆ ಆಳಿಗೊಂದು ಕಲ್ಲು.

ವಯಸ್ಸಾದವರನ್ನೆಲ್ಲ ಕಾನೂನು ಮಾಡಿ ತಡೆಯಿರಿ ಎಂದು ನಾವು ಹೇಳುತ್ತಿಲ್ಲ. 1994ರಲ್ಲಿ ವಯಸ್ಸಿನ ನೆಪ ಹೇಳಿ ತಡೆಯಲು ಹೊರಟಾಗ ಫೋರ್‌ಮನ್ ನ್ಯಾಯಾಲಯದ ಮೆಟ್ಟಿಲು ಹತ್ತಿ ಅನುಮತಿ ತಂದ. ಅದು ಸರಿಯಾಗಿಯೇ ಇತ್ತು. ನೋಡಬೇಕಾದದ್ದು ವಯಸ್ಸಿನ ಸರ್ಟಿಫಿಕೇಟ್ ಅಲ್ಲ. ಮಿದುಳು, ಕಣ್ಣು, ನಾಲಗೆ, ಕಾಲು ನೋಡಿ. ಆ ಪರೀಕ್ಷೆಯ ಫಲಿತಾಂಶ ಹೇಳುವ ವೈದ್ಯರಿಗೆ ಟಿಕೆಟ್ ಮಾರುವವರ ಹಂಗು ಇರಬಾರದು. ಇಷ್ಟನ್ನು ಮಾಡದೆ ಅಲಿಯ ಮುಪ್ಪಿಗೂ ಟೈಸನ್‌ನ ಮುಪ್ಪಿಗೂ ಅಂಕ ಹಾಕುತ್ತ ಕೂರುವುದು ನಾಚಿಕೆಗೇಡು.

ಇದೆಲ್ಲ ಅಮೆರಿಕದ ಮಾತು ಎಂದು ಕೈ ತೊಳೆದುಕೊಳ್ಳಲೂ ಆಗದು. ನಮ್ಮ ಈ ಗಡಿ ಸೀಮೆ ಕುಸ್ತಿಯ ಸೀಮೆ. ಸಾತಾರಾ ಕಡೆಯ ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ತಂದವರು. 1984ರಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಸತ್ತ ಎಷ್ಟೋ ವರ್ಷಗಳ ಮೇಲೆ. ಅಲ್ಲಿ ಮುದಿ ಮಲ್ಲನನ್ನು ಮತ್ತೆ ಕಣಕ್ಕೆಳೆದರು, ಇಲ್ಲಿ ಮರೆತು ಕೂತರು. ಯಾವುದು ಹೆಚ್ಚು ಕ್ರೂರ ಎಂದು ನೀವೇ ಹೇಳಿ.

ಶಾಲೆಯ ಮಕ್ಕಳಿಗೆ ನಾವು ಹೇಳುವುದು ಇಷ್ಟು. ಟೈಸನ್ ಯಾರು ಎಂದು ತಿಳಿಯಬೇಕಾದರೆ 1986ರ ಪಂದ್ಯ ನೋಡಿ. ಅಲಿ ಯಾರು ಎಂದು ತಿಳಿಯಬೇಕಾದರೆ 1974ರದ್ದು ನೋಡಿ. 1980 ಮತ್ತು 2024ರ ಪಂದ್ಯಗಳನ್ನೂ ನೋಡಿ, ಬೇಡ ಎನ್ನುವುದಿಲ್ಲ. ಆದರೆ ಅವನ್ನು ನೋಡುವಾಗ ಕಣದೊಳಗಿನ ಇಬ್ಬರನ್ನು ಬಿಟ್ಟು, ಹಗ್ಗದ ಆಚೆ ಹಣ ಎಣಿಸುತ್ತ ಕೂತವರ ಕಡೆ ಕಣ್ಣು ಹಾಯಿಸಿ. ಅಲ್ಲಿ ಸೋಲುತ್ತಿರುವುದು ಯಾರು, ಗೆಲ್ಲುತ್ತಿರುವುದು ಯಾರು ಎಂಬುದು ತಾನಾಗಿ ತಿಳಿಯುತ್ತದೆ.

ಏನಂತೀರಿ?