ಪಡುವಣ ಗೋಡೆಗೊಂದು ಗೊರಬು

ಕಳಸದ ಸಮೀಪ ಹೊಸ ಮನೆ ಕಟ್ಟಿಸುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ, "ಸಾರ್, ಪಡುವಣ ಗೋಡೆಗೆ ಹೊರಗಡೆಯಿಂದ ಏನು ಹಾಕಿಸಲಿ? ಟೈಲ್ಸೋ, ಕಲ್ಲೋ, ದುಬಾರಿ ಪೇಂಟೋ?" ಎಂದು ಕೇಳಿದ. ಪಾಠ ಹೇಳಿ ನಿವೃತ್ತನಾದವನನ್ನು ಮನೆ ಕಟ್ಟುವ ವಿಚಾರ ಕೇಳುವುದು ಆತನ ವಿಶ್ವಾಸ. ಆದರೆ ಇದೇ ಪ್ರಶ್ನೆಯನ್ನು ನೆಂಟರಲ್ಲಿಯೂ ಹಲವರು ಕೇಳಿರುವುದರಿಂದ, ಮತ್ತು ಬಣ್ಣದ ಅಂಗಡಿಯವರು ಇದಕ್ಕೆ ಕೊಡುವ ಉತ್ತರ ನನಗೆ ಕಿಂಚಿತ್ತೂ ಸಮ್ಮತವಲ್ಲದ್ದರಿಂದ, ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮಳೆ ಬೀಸುವ ದಿಕ್ಕಿನ ಗೋಡೆಯ ಮೈಗೆ ಏನನ್ನೂ ಅಂಟಿಸಬೇಡಿ. ಗೋಡೆಯಿಂದ ತುಸು ದೂರ ನಿಲ್ಲುವ ಒಂದು ಹೊದಿಕೆಯನ್ನು ಕೊಡಿ.

ನಮ್ಮ ಜಿಲ್ಲೆಯ ಮಳೆ ಒಂದೇ ಬಗೆಯದಲ್ಲ. ಬಾಬಾಬುಡನ್‌ಗಿರಿಯ ಸಾಲಿನ ಮೂಡಣಕ್ಕೆ ಇಳಿದರೆ ಕಡೂರಿನ ಬಯಲು. ಅಲ್ಲಿನವರು ಮುಗಿಲು ನೋಡುತ್ತ ಕೂರುತ್ತಾರೆ. ಪಡುವಣಕ್ಕೆ ಕೊಟ್ಟಿಗೆಹಾರ, ಕುದುರೆಮುಖ, ಕಳಸ. ಇಲ್ಲಿ ಆರಿದ್ರೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಬಿಡುವೆಂಬುದಿಲ್ಲ. ಈ ಮಳೆ ಮೇಲಿನಿಂದ ಬೀಳುವುದಕ್ಕಿಂತ ಅಡ್ಡಡ್ಡಲಾಗಿ ಬಂದು ಬಡಿಯುವುದೇ ಹೆಚ್ಚು. ಈ ಎರಚಲಿಗೆ ಛಾವಣಿಗಿಂತ ಮೊದಲು ಗೋಡೆಯೇ ಸೋಲುತ್ತದೆ. ಸಾಲದ್ದಕ್ಕೆ ಮಾರ್ಚಿ-ಏಪ್ರಿಲಿನ ಇಳಿಬಿಸಿಲು ಸುಡುವುದೂ ಇದೇ ಗೋಡೆಯನ್ನು. ಬಿಸಿಲಿಗೆ ಬಿರಿದ ಮೈಯ ಮೇಲೆಯೇ ಜೂನಿನ ನೀರು ಬೀಳುತ್ತದೆ.

ಹಿರಿಯರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಎರಡು. ಒಂದು, ಗೋಡೆಯನ್ನು ದಾಟಿ ಬಹಳ ಮುಂದಕ್ಕೆ ಚಾಚಿದ ಸೂರು. ಎರಡು, ಸೋಗೆಯ ತಟ್ಟಿ. ಮಳೆಗಾಲಕ್ಕೆ ಮುನ್ನ ಅಡಿಕೆ ದಬ್ಬೆಗಳ ಚೌಕಟ್ಟಿಗೆ ಸೋಗೆಯನ್ನು ಸಾಲುಸಾಲಾಗಿ ಹೆಣೆದು ಕಟ್ಟಿ, ಸೂರಿನ ಅಂಚಿನಿಂದ ನೆಲದವರೆಗೆ ನಿಲ್ಲಿಸುತ್ತಿದ್ದರು. ತಟ್ಟಿಗೂ ಗೋಡೆಗೂ ನಡುವೆ ಒಬ್ಬರು ನಡೆದಾಡುವಷ್ಟು ಎಡೆ. ಅಲ್ಲಿ ಸೌದೆ, ಅಲ್ಲಿಯೇ ಒದ್ದೆ ಬಟ್ಟೆ, ಅಲ್ಲಿಯೇ ನಾಯಿಯ ನಿದ್ದೆ. ತಟ್ಟಿಯಲ್ಲಿ ನೂರು ತೂತುಗಳಿರುತ್ತಿದ್ದವು. ಆದರೂ ಒಳಗಿನ ಮಣ್ಣಿನ ಗೋಡೆ ನೆನೆಯುತ್ತಿರಲಿಲ್ಲ. ಗಾಳಿಯ ರಭಸ ತಟ್ಟಿಗೆ ಬಡಿದು ಅಲ್ಲಿಯೇ ಮುರಿಯುತ್ತಿತ್ತು; ನುಸುಳಿದ ನಾಲ್ಕು ಹನಿ ನಡುವಿನ ಎಡೆಯಲ್ಲಿಯೇ ಕೆಳಗಿಳಿಯುತ್ತಿತ್ತು; ಉಳಿದ ತೇವವನ್ನು ಅಲ್ಲಿ ಆಡುವ ಗಾಳಿ ಒಣಗಿಸುತ್ತಿತ್ತು. ನಟ್ಟಿ ಗದ್ದೆಯಲ್ಲಿ ಬಗ್ಗಿ ನಿಂತ ಹೆಂಗಸರ ಬೆನ್ನಿನ ಮೇಲೆ ಗೊರಬು ಮಾಡುತ್ತಿದ್ದ ಕೆಲಸವೂ ಇದೇ ಅಲ್ಲವೇ? ಗೊರಬು ಮೈಗೆ ಅಂಟುವುದಿಲ್ಲ. ಆದ್ದರಿಂದಲೇ ಮೈ ಬೆಚ್ಚಗಿರುತ್ತದೆ. ಪ್ಲಾಸ್ಟಿಕ್ಕಿನ ಮಳೆಯಂಗಿ ತೊಟ್ಟು ಗುಡ್ಡ ಹತ್ತಿದವರಿಗೆ, ಮಳೆಯಿಲ್ಲದೆಯೂ ಬೆವರಿನಲ್ಲಿಯೇ ನೆನೆಯುವುದೆಂದರೇನೆಂದು ಗೊತ್ತು.

ಇಂದಿನ ಸಿಮೆಂಟು ಗಾರೆಯ ಮೇಲಿನ ಪ್ಲಾಸ್ಟಿಕ್ ಗುಣದ ಬಣ್ಣ ಗೋಡೆಗೆ ತೊಡಿಸಿದ ಅಂಥ ಮಳೆಯಂಗಿ. ಸಿಮೆಂಟು ಗಾರೆ ಗಡುಸು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ. ಗಾಜಿನ ಸಣ್ಣ ಕೊಳವೆಯನ್ನು ನೀರಿನಲ್ಲಿಟ್ಟಾಗ ನೀರು ತಾನಾಗಿ ಮೇಲೇರುವುದನ್ನು ತರಗತಿಯಲ್ಲಿ ನೀವೆಲ್ಲರೂ ನೋಡಿದ್ದೀರಿ. ಬಿರುಕು ಕಿರಿದಾದಷ್ಟೂ ನೀರನ್ನು ಎಳೆದುಕೊಳ್ಳುವ ಬಲ ಹೆಚ್ಚು. ಹೀಗೆ ಒಳಹೊಕ್ಕ ನೀರಿಗೆ ಹೊರಬರಲು ಬಣ್ಣದ ಪದರ ಬಿಡುವುದಿಲ್ಲ. ಹಿಂದಿನ ಸುಣ್ಣದ ಗಾರೆಯಾದರೋ ನೀರನ್ನು ಕುಡಿದರೂ ಬಿಸಿಲು ಕಂಡೊಡನೆ ಬಿಟ್ಟುಕೊಡುತ್ತಿತ್ತು. ಈಗಿನ ಗೋಡೆ ಬಿಟ್ಟುಕೊಡುವುದು ಮನೆಯ ಒಳಮೈಗೆ. ಬೀರುವಿನ ಹಿಂದೆ ಕಪ್ಪು ಬೂಷ್ಟು, ಹಾಸಿಗೆಯಲ್ಲಿ ಮುಗ್ಗಲು ವಾಸನೆ, ಮಕ್ಕಳಿಗೆ ಬಿಡದ ಕೆಮ್ಮು. ತೇವ ಮತ್ತು ಬೂಷ್ಟಿನ ಮನೆಗಳಲ್ಲಿ ಆಸ್ತಮಾ ಹಾಗೂ ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಆದ್ದರಿಂದ ಇದನ್ನು ಬರಿಯ ಅಂದಚೆಂದದ ಪ್ರಶ್ನೆಯೆಂದು ಭಾವಿಸಬಾರದು.

ಟೈಲ್ಸು ಮತ್ತು ಅಂಟಿಸುವ ಕಲ್ಲಿನ ಕಥೆ ಇನ್ನೂ ಕೆಟ್ಟದು. ಬಿಲ್ಲೆ ನೀರು ಕುಡಿಯದಿರಬಹುದು, ಸಂದುಗಳು ಕುಡಿಯುತ್ತವೆ.

ವಿನೋದವೆಂದರೆ, ಛಾವಣಿಯ ವಿಷಯದಲ್ಲಿ ಮಲೆನಾಡಿಗರು ಈ ಪಾಠವನ್ನು ಆಗಲೇ ಕಲಿತಾಗಿದೆ. ಬಯಲುಸೀಮೆಯ ಮಾದರಿಯಲ್ಲಿ ಆರ್‌ಸಿಸಿ ತಾರಸಿ ಹಾಕಿಸಿದವರೆಲ್ಲ ಅದು ಸೋರತೊಡಗಿದ ಮೇಲೆ, ಕಬ್ಬಿಣದ ಕಂಬ ನೆಟ್ಟು ಮೇಲೊಂದು ಶೀಟಿನ ಮಾಡು ಹೊದಿಸಿದ್ದಾರೆ. ನಡುವೆ ಗಾಳಿ ಆಡುತ್ತದೆ, ಅಡಿಕೆ ಒಣಗುತ್ತದೆ, ತಾರಸಿಯೂ ಬದುಕಿದೆ. ತಲೆಗೆ ಕೊಟ್ಟ ಈ ಕೊಡೆಯನ್ನು ಗೋಡೆಗೇಕೆ ನಿರಾಕರಿಸಬೇಕು?

ನಾವು ಮಾತ್ರ ಹೀಗೆ ಎಡವಿದವರಲ್ಲ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ನಗರದ ಸುತ್ತ, 1980 ಮತ್ತು 1990ರ ದಶಕಗಳಲ್ಲಿ ಸೂರಿನ ಚಾಚಿಲ್ಲದ, ಗಾರೆ ಮೆತ್ತಿದ ವಸತಿ ಕಟ್ಟಡಗಳು ಸಾಲುಸಾಲಾಗಿ ಎದ್ದವು. ಬಿಸಿಲು ನಾಡಿಗೆ ಒಪ್ಪುವ ಆ ವಿನ್ಯಾಸ ಮಳೆನಾಡಿನಲ್ಲಿ ಸೋತಿತು. ಗಾರೆಯ ಹಿಂದೆ ಸಿಕ್ಕಿಬಿದ್ದ ನೀರು ಹೋಗಲು ದಾರಿಯಿಲ್ಲದೆ ಮರದ ಚೌಕಟ್ಟುಗಳು ಕೊಳೆತುಹೋದವು. ಸಾವಿರಾರು ಕುಟುಂಬಗಳು ದುರಸ್ತಿಯ ಸಾಲದಲ್ಲಿ ಮುಳುಗಿದವು. ಆ ಪ್ರಾಂತದ ಮಾಜಿ ಮುಖ್ಯಸ್ಥ ಡೇವ್ ಬ್ಯಾರೆಟ್ ಅವರ ನೇತೃತ್ವದಲ್ಲಿ 1998ರಲ್ಲಿ ವಿಚಾರಣಾ ಆಯೋಗವೇ ಕೂತಿತು. ಅದಕ್ಕೂ ಮುನ್ನ 1996ರ ಸಮೀಕ್ಷೆಯೊಂದರಲ್ಲಿ ಸೂರು ಹೆಚ್ಚು ಚಾಚಿದಷ್ಟೂ ಗೋಡೆಯ ತೊಂದರೆ ಕಡಿಮೆಯಿರುವುದು ಕಂಡುಬಂದಿತ್ತು. ಮುಂದೆ ಅಲ್ಲಿನ ಕಟ್ಟಡ ನಿಯಮಗಳು ಹೊರಹೊದಿಕೆಗೂ ಗೋಡೆಗೂ ನಡುವೆ ಗಾಳಿಯ ಎಡೆ ಬಿಡುವುದನ್ನು ಕಡ್ಡಾಯ ಮಾಡಿದವು. ನಾರ್ವೆಯ ಬರ್ಗೆನ್‌ನಂಥ ಮಳೆಯೂರುಗಳಲ್ಲಿಯೂ ಮರದ ಹಲಗೆಗಳನ್ನು ಗೋಡೆಗೆ ನೇರವಾಗಿ ಹೊಡೆಯದೆ, ಪಟ್ಟಿಗಳ ಮೇಲೆ ಕೂರಿಸಿ ಹಿಂದೆ ಎಡೆ ಬಿಡುತ್ತಾರೆ. ನಮ್ಮ ಸೋಗೆ ತಟ್ಟಿಯ ದೂರದ ನೆಂಟರು ಇವರು.

ಸೋಗೆಯನ್ನೇ ಕಟ್ಟಿ ಎಂದು ನಾನು ಹಠ ಹಿಡಿಯುವುದಿಲ್ಲ. ಕಟ್ಟಬಲ್ಲ ಕೈಗಳು ವಿರಳವಾಗಿವೆ. 2022ರಿಂದೀಚೆಗೆ ಎಲೆಚುಕ್ಕಿ ರೋಗ ಕಳಸದ ಅಡಿಕೆ ತೋಟಗಳನ್ನು ಬಾಧಿಸಿರುವುದರಿಂದ ಒಳ್ಳೆಯ ಸೋಗೆಯೂ ಹಿಂದಿನಂತೆ ಸಿಗದು. ಅದರ ಬದಲಿಗೆ ಬಣ್ಣ ಲೇಪಿಸಿದ ತಗಡಿನ ಶೀಟು ಆಗಬಹುದು. ಪಟ್ಟಿಗಳ ಮೇಲೆ ಕೂರಿಸಿ, ಗೋಡೆಯಿಂದ ಕನಿಷ್ಠ ಎರಡು ಅಂಗುಲ ದೂರವಿಟ್ಟು, ಮೇಲೂ ಕೆಳಗೂ ಗಾಳಿಗೆ ದಾರಿ ಬಿಟ್ಟು, ಆ ದಾರಿಗೆ ಇಲಿ ನುಗ್ಗದಂತೆ ಸಣ್ಣ ಜಾಲರಿ ಹೊಡೆಯಬೇಕು. ಸದ್ದು ಮಾಡುತ್ತದೆ, ನಿಜ. ಸದ್ದು ಬೇಡವೆನ್ನುವವರಿಗೆ ಕಲ್ನಾರಿಲ್ಲದ ನಾರುಸಿಮೆಂಟಿನ ಹಲಗೆಗಳಿವೆ. ಅವುಗಳ ಕೊಯ್ದ ಅಂಚಿಗೆ ಬಣ್ಣ ಬಳಿಯಬೇಕು, ನೆಲಕ್ಕೆ ತಾಗಿಸಬಾರದು. ಅಗ್ಗವೆಂದು ಕಲ್ನಾರಿನ ಶೀಟನ್ನು ಮಾತ್ರ ತರಬೇಡಿ. ಕೊಯ್ಯುವಾಗ, ಕೊರೆಯುವಾಗ ಏಳುವ ಅದರ ಎಳೆಗಳು ಕ್ಯಾನ್ಸರಿಗೆ ಕಾರಣ.

ಹೋಮ್‌ಸ್ಟೇ ನಡೆಸುವವರು, "ತಗಡು ಹೊಡೆದರೆ ಮನೆ ಗೋದಾಮಿನಂತೆ ಕಾಣುತ್ತದೆ ಮೇಷ್ಟ್ರೇ" ಎನ್ನುತ್ತಾರೆ. ಇರಬಹುದು. ಹಸಿರು ಪಾಚಿ ಹಿಡಿದು ಬಣ್ಣ ಸುಲಿದ ಗೋಡೆ ಅದಕ್ಕಿಂತ ಚೆಂದವೆಂದು ನನಗೆ ತೋರದು. ನಿಜವಾದ ಆಕ್ಷೇಪ ಕತ್ತಲೆಯದು. ಪಡುವಣಕ್ಕೆ ಅಡುಗೆಮನೆಯಿದ್ದರೆ ತಟ್ಟಿ ಕಟ್ಟಿದ ನಾಲ್ಕು ತಿಂಗಳು ಹೆಂಗಸರು ಹಗಲಿನಲ್ಲಿಯೂ ದೀಪ ಹಚ್ಚಿಕೊಂಡೇ ದುಡಿದಿದ್ದಾರೆ. ಆದುದರಿಂದ ಕಿಟಕಿಯ ನೇರಕ್ಕೆ ಬೆಳಕು ಬಿಡುವ ಪಾರದರ್ಶಕ ಶೀಟು ಹಾಕಿಸಿ. ಇನ್ನೂ ನಕ್ಷೆಯ ಹಂತದಲ್ಲಿರುವವರು ಸೂರನ್ನು ಮೂರಡಿಯಾದರೂ ಚಾಚಿಸಿ.

ಇನ್ನೊಂದು ಮಾತು, ತೋಟದ ಮಾಲೀಕರಾಗಿರುವ ಶಿಷ್ಯರಿಗೆ. 1951ರ ತೋಟ ಕಾರ್ಮಿಕರ ಕಾಯಿದೆ ಕೂಲಿಕಾರರಿಗೆ ಮನೆ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಲೈನ್ ಮನೆಗಳು ಎದ್ದವು. ಆದರೆ ನಾನು ಕಂಡ ಲೈನುಗಳಲ್ಲಿ ಬಹುಪಾಲು ತೆಳು ಗೋಡೆಯವು, ಸೂರಿಗೆ ಚಾಚಿಲ್ಲದವು. ಬಂಗಲೆಯ ಪಡುವಣ ಗೋಡೆಗೆ ಹೊದಿಕೆ ಹಾಕಿಸುವಾಗ, ಗಾಳಿಗೆ ಹರಿದ ನೀಲಿ ಟಾರ್ಪಾಲು ಇಳಿಬಿಟ್ಟಿರುವ ಆ ಲೈನಿನ ಗೋಡೆಯದೂ ಅಳತೆ ತೆಗೆದುಕೊಳ್ಳಿ. ಶೀಟನ್ನು ಒಟ್ಟಿಗೆ ತರಿಸಿದರೆ ಲಾರಿ ಬಾಡಿಗೆಯೂ ಒಂದೇ ಆಗುತ್ತದೆ. ಕೆಲಸ ಮೇ ತಿಂಗಳ ಮಧ್ಯದೊಳಗೆ ಮುಗಿಯುವಂತಿರಲಿ. ಆಮೇಲೆ ಆಳು ಸಿಗುವುದಿಲ್ಲ.